ಗರಸು ಬಗೆದು ಬಿಟ್ಟ ಗೋಮಾಳದಲ್ಲಿ ಮತ್ತೆ ಹುಲ್ಲು ಹಿಡಿಸೋದು (ಚಳ್ಳಕೆರೆ ಸೀಮೆ): ಒಂದು ಪ್ರಶ್ನೋತ್ತರ. ಪ್ರತಿ ಮಾತಿನ ಮೇಲಿರೋದು ಮಾತಾಡಿದವರ ಅಡ್ಡಹೆಸರು.

ಗೋಕಟ್ಟೆ
ಚಳ್ಳಕೆರೆ ತಾಲ್ಲೂಕಿನ 12 ಎಕರೆ ಗೋಮಾಳ. ರಸ್ತೆ ಕೆಲಸಕ್ಕೆ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಬಗೆದು ಬಿಟ್ಟಿದ್ದಾರೆ. 3 ಎಕರೆಯಷ್ಟು ಎರಡು ಮೀಟರ್ ಆಳದ ಗುಂಡಿ, ಅಂಚು ನೆಟ್ಟಗೆ ಗೋಡೆಯಂತಿದೆ. ಮಿಕ್ಕ 9 ಎಕರೆ ಟಿಪ್ಪರ್ ಓಡಾಡಿ ಕಲ್ಲಾಗಿದೆ, ಮೇಲ್ಮಣ್ಣು ಹೋಗಿದೆ. ಸುತ್ತ ಬಳ್ಳಾರಿ ಜಾಲಿ, ನಡುವೆ ತಂಗಡಿ, ಕಾಂಗ್ರೆಸ್ ಗಿಡ. ಪಕ್ಕದಲ್ಲೇ ಕೆಡದೆ ಉಳಿದ ಕಾವಲಿನ (ಹಳೇ ಹುಲ್ಲುಗಾವಲಿನ) ತುಂಡೊಂದಿದೆ. ಗುಂಡಿ ಮುಚ್ಚಿ ಸಸಿ ನೆಡೋಣ ಅನ್ನೋದು ಒಂದು ಗುಂಪು, ದನ-ಕುರಿಗೆ ಹುಲ್ಲೇ ಬೇಕು ಅನ್ನೋದು ಇನ್ನೊಂದು. ಯಾವ ಕೆಲಸ ಮೊದಲು, ಯಾವುದು ಆಮೇಲೆ?

ಎರೆನೆಲ
ಗಿಡವೋ ಹುಲ್ಲೋ ಅನ್ನೋ ಜಗಳ ಆಮೇಲೆ. ನೆಲ ನೀರು ಕುಡಿಯುತ್ತಾ ಅಂತ ಮೊದಲು ನೋಡಿ. 30 ಸೆಂ.ಮೀ. ವ್ಯಾಸದ ಕಬ್ಬಿಣದ ಪೈಪಿನ ತುಂಡನ್ನು 10 ಸೆಂ.ಮೀ. ನೆಲಕ್ಕೆ ಬಡಿದಿಳಿಸಿ. ಒಳಗೆ 1.8 ಲೀಟರ್ ನೀರು ಸುರಿದರೆ 25 ಮಿ.ಮೀ. ಮಳೆ ಬಿದ್ದ ಲೆಕ್ಕ. ಒಣನೆಲ ಮೊದಲ ಸಲ ಗಟಗಟ ಹೀರುತ್ತೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇಂಗಿದ ಮೇಲೆ ಇನ್ನೊಂದು 1.8 ಲೀಟರ್ ಸುರಿದು ಗಡಿಯಾರ ನೋಡಿ. ಪಕ್ಕದ ಒಳ್ಳೆ ಕಾವಲಿನಲ್ಲೂ ಹೀಗೇ ಮಾಡಿ. ಅಲ್ಲಿ ಅರ್ಧ ಗಂಟೆಗೆ ಇಂಗಿ, ಇಲ್ಲಿ ಎರಡು ಗಂಟೆ ಕಳೆದರೂ ನೀರು ನಿಂತೇ ಇದ್ದರೆ ಬೀಜ ಎರಚೋದು ಬರೀ ದಂಡ.

ನೆಲ ಗಟ್ಟಿ ಅಂತ ಖಚಿತವಾದರೆ ಸೀಳಬೇಕು. ಬೇಸಿಗೆಯಲ್ಲಿ, ಪೂರಾ ಒಣಗಿದ್ದಾಗಲೇ. ಒಣನೆಲ ಬಿರಿದು ಒಡೆಯುತ್ತೆ. ಹಸಿನೆಲದಲ್ಲಿ ನೆಲ ಸೀಳುವ ಕೊಂಡಿ ಸುಮ್ಮನೆ ಜಾರಿ ಹೋಗಿ, ಪಕ್ಕದ ಮಣ್ಣನ್ನು ಒತ್ತಿ ನುಣುಪು ಮಾಡಿ ಬಿಡುತ್ತೆ, ಆಮೇಲೆ ಬೇರೂ ನುಗ್ಗಲ್ಲ. 50 ಎಚ್.ಪಿ. ಟ್ರ್ಯಾಕ್ಟರ್‌ಗೆ ಒಂದೇ ಕೊಂಡಿಯ ಸಬ್‌ಸಾಯ್ಲರ್ (ನೆಲವನ್ನು ಆಳಕ್ಕೆ ಸೀಳುವ ಸಲಕರಣೆ), ಆಳ 40 ಸೆಂ.ಮೀ., ಸಾಲಿಂದ ಸಾಲಿಗೆ ಒಂದೂವರೆ ಮೀಟರ್. ಟ್ರ್ಯಾಕ್ಟರ್ ಮುಂಗಾಲು ಎತ್ತಿದರೆ ಜೆಸಿಬಿ ಬಕೆಟ್ಟಿನ ಹಲ್ಲಲ್ಲಿ ಎಳೆಸಿ.

ಸಾಲು ಸಮಪಾತಳಿಯಲ್ಲೇ (ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ) ಇರಬೇಕು. ಇಳಿಜಾರಿನುದ್ದಕ್ಕೆ ಸೀಳಿದ ಸಾಲು ಮೊದಲ ದೊಡ್ಡ ಮಳೆಗೇ ಕೊರಕಲಾಗುತ್ತೆ. ಎರಡು ಗಳ, ಒಂದು ಅಡ್ಡಪಟ್ಟಿ, ದಾರಕ್ಕೆ ಕಟ್ಟಿದ ಕಲ್ಲು, ಇಷ್ಟಿದ್ದರೆ 'ಎ' ಆಕಾರದ ಚೌಕಟ್ಟು ಆಯ್ತು. ಎರಡು ಕಾಲಿನ ಜಾಗ ಅದಲು ಬದಲು ಮಾಡಿ ದಾರ ನಿಲ್ಲುವ ಎರಡು ಗುರುತು ಹಾಕಿ, ಅವುಗಳ ನಡುಬಿಂದುವೇ ಮಟ್ಟ.

ಹಂಚಿಕಡ್ಡಿ
ಗುಂಡಿ ಮುಚ್ಚೋ ಮಾತು ಬಿಡಿ. 3 ಎಕರೆ, 2 ಮೀಟರ್ ಅಂದರೆ 24,000 ಘನ ಮೀಟರ್ ಮಣ್ಣು. ಅಷ್ಟು ಮಣ್ಣು ತರೋಕೆ ಇನ್ನೊಂದು ಗೋಮಾಳ ಬಗೀಬೇಕು. ಬದಲಿಗೆ ಅಂಚು ಇಳಿಸಿ, ಒಂದಕ್ಕೆ ಮೂರರ ಇಳಿಜಾರು. 2 ಮೀಟರ್ ಗೋಡೆಯಾದರೆ ಅಂಚಿನಿಂದ ಹಿಂದಕ್ಕೆ 3 ಮೀಟರ್ ಕೆತ್ತಿ, ಅದೇ ಮಣ್ಣನ್ನು ಮುಂದಕ್ಕೆ 3 ಮೀಟರ್ ತುಂಬಿದರೆ ಸರಿಹೋಗುತ್ತೆ, ಹೊರಗಿಂದ ಒಂದು ಬುಟ್ಟಿಯೂ ಬೇಡ.

ಒಂದು ಎಚ್ಚರ: ಹಿಂದಕ್ಕೆ ಕೆತ್ತುವ ಆ 3 ಮೀಟರಿನಲ್ಲಿ ಕೆಲವು ಕಡೆ ಹಳೇ ಮೇಲ್ಮಣ್ಣು, ಹುಲ್ಲಿನ ಬುಡ ಇನ್ನೂ ಇರುತ್ತೆ. ಮೊದಲು ಮೇಲಿನ 10-15 ಸೆಂ.ಮೀ. ಬೇರೆ ತೆಗೆದಿಟ್ಟು, ಇಳಿಜಾರು ಮುಗಿದ ತಕ್ಷಣ ಅದರ ಮೇಲೇ ಹರಡಿಸಿ. ಗುಡ್ಡೆ ಹಾಕಿದರೂ ಒಂದು ಮೀಟರಿಗಿಂತ ಎತ್ತರ ಬೇಡ, ಒಂದು ಮಳೆಗಾಲ ದಾಟಿಸಬೇಡಿ. ಎತ್ತರದ ಗುಡ್ಡೆಯ ಒಳಗೆ ಬೀಜ, ಬೇರು, ಸೂಕ್ಷ್ಮಜೀವಿ ಎಲ್ಲ ಸಾಯುತ್ತವೆ. ಜೆಸಿಬಿ ಚಾಲಕನಿಗೆ ಇದನ್ನು ಎದುರಿಗೆ ನಿಂತು ಹೇಳದಿದ್ದರೆ ಒಳ್ಳೆ ಮಣ್ಣು ಅಡಿಗೆ, ಗರಸು ಮೇಲಕ್ಕೆ ಬಂದಿರುತ್ತೆ.

ತಗ್ಗಿನ ಮೂಲೆ ಗೋಕಟ್ಟೆಯಾಗಿ (ದನ ನೀರು ಕುಡಿಯುವ ಹೊಂಡವಾಗಿ) ಉಳಿಯಲಿ. ದನ ಇಳಿಯುವ ಬದಿ ಒಂದಕ್ಕೆ ಐದರ ಇಳಿಜಾರು, ನೀರು ಬರುವ ಬಾಯಿಗೆ ಕಲ್ಲು ಹಾಸು.

ಮಳೆಲೆಕ್ಕ
ಹರಿದುಹೋಗುವ ಮಳೆನೀರು ಹಿಡಿಯೋಕೆ ತೋಡುವ ಟ್ರೆಂಚ್ ಎಷ್ಟು ಬೇಕು ಅನ್ನೋದಕ್ಕೂ ಲೆಕ್ಕ ಇದೆ, 'ಎಕರೆಗೆ ನೂರು' ಅಂತ ಕಣ್ಣುಮುಚ್ಚಿ ತೋಡಿಸಬೇಡಿ. ಒಂದು ಹೆಕ್ಟೇರಿನ ಮೇಲೆ 1 ಮಿ.ಮೀ. ನೀರು ಅಂದರೆ 10 ಘನ ಮೀಟರ್. 40 ಮಿ.ಮೀ. ಮಳೆಯಲ್ಲಿ ಕಾಲು ಭಾಗ ಹರಿದುಹೋಗುತ್ತೆ ಅಂತಿಟ್ಟುಕೊಂಡರೆ 100 ಘನ ಮೀಟರ್ ಹಿಡಿಯಬೇಕು. 3 ಮೀಟರ್ ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಆಳದ ಒಂದು ಟ್ರೆಂಚು ಹಿಡಿಯೋದು 0.6 ಘನ ಮೀಟರ್. ಅಂದರೆ ಹೆಕ್ಟೇರಿಗೆ 165, ಎಕರೆಗೆ 66-67. ನಿಮ್ಮ 9 ಎಕರೆಗೆ 600. ಸೀಳಿದ ನೆಲ ತಾನೇ ಒಂದಿಷ್ಟು ಕುಡಿಯೋದರಿಂದ 400ಕ್ಕೆ ಶುರು ಮಾಡಿ, ಮೊದಲ ಮಳೆಯಲ್ಲಿ ನೀರು ಎಲ್ಲಿ ಓಡುತ್ತೆ ನೋಡಿಕೊಂಡು ಉಳಿದದ್ದು ತೋಡಿಸಿ. ಒಂದು ಸಾಲಿನ ಟ್ರೆಂಚು ಮೇಲಿನ ಸಾಲಿನ ಸಂದಿಗೆ ಎದುರಾಗಿರಲಿ. ತೆಗೆದ ಮಣ್ಣು ಕೆಳಬದಿಗೇ. ಮೇಲ್ಬದಿಗೆ ಹಾಕಿದ್ದನ್ನು ಎಷ್ಟೋ ಕಡೆ ನೋಡಬಹುದು, ಒಂದೇ ಮಳೆಗೆ ಅದೆಲ್ಲ ವಾಪಸ್ ಒಳಗೆ ಬಂದು ಕೂತಿರುತ್ತೆ.

ಇನ್ನು ಬಿತ್ತನೆ ಕಾಲ. ರೋಹಿಣಿ-ಮೃಗಶಿರ ಮಳೆಗೆ (ಮೇ ಕೊನೆಯಿಂದ ಜೂನ್) ಬಿತ್ತಿ ಅನ್ನೋ ಸಲಹೆ ಮಲೆನಾಡ ಸೆರಗಿನದು. ಚನ್ನಗಿರಿಗೆ, ಹೊಳಲ್ಕೆರೆಯ ಪಶ್ಚಿಮಕ್ಕೆ ಸರಿ. ಚಳ್ಳಕೆರೆ, ಮೊಳಕಾಲ್ಮುರಿಗೆ ಅದು ಬಲೆ. ಇಲ್ಲಿ ಜೂನ್‌ನಲ್ಲಿ ಒಂದು ಹದ ಬಿದ್ದು ಮೊಳಕೆ ಬರುತ್ತೆ, ಆಷಾಢದ ಗಾಳಿ ಹದಿನೈದು ದಿನ ಬೀಸಿದರೆ ಮೊಳಕೆ ನೆಲದಲ್ಲೇ ಸೀದುಹೋಗುತ್ತೆ. ಈ ಸೀಮೆಗೆ ದೊಡ್ಡ ಮಳೆ ಸೆಪ್ಟೆಂಬರ್-ಅಕ್ಟೋಬರ್‌ದು. ಹಾಗಾಗಿ ಆಗಸ್ಟ್ ಕೊನೆಗೆ ಒಣಬಿತ್ತನೆ, ಹುಬ್ಬೆ ಮಳೆಗೆ (ಸೆಪ್ಟೆಂಬರ್ ಮೊದಲರ್ಧ) ಮೊಳಕೆ, ಉತ್ತರೆ-ಹಸ್ತೆಯಲ್ಲಿ (ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲು) ಬೇರು. ಬುಡ ಸಮೇತ ನೆಡೋದಾದರೆ ಉತ್ತರೆ ಶುರುವಿಗೆ, ಮಣ್ಣು 20 ಸೆಂ.ಮೀ. ತನಕ ನೆಂದ ಮೇಲೆ.

ಹಂಚಿಕಡ್ಡಿ
ಒಪ್ಪಿದೆ, ಆದರೆ ಒಂದು ತಿದ್ದುಪಡಿ. ಆಗಸ್ಟ್ ಕೊನೆಗೆ ಬೀಜ ಹಾಕಿದರೆ ಅಕ್ಟೋಬರ್ ಮಳೆ ಕೈಕೊಟ್ಟ ವರ್ಷ ಎಳೆ ಗಿಡಕ್ಕೆ ಚಳಿಗಾಲ ದಾಟುವಷ್ಟು ಬೇರು ಇಳಿದಿರಲ್ಲ. ಅರ್ಧ ಬೀಜ ಈ ವರ್ಷ, ಅರ್ಧ ಮುಂದಿನ ವರ್ಷಕ್ಕೆ ಉಳಿಸಿ. ಒಂದೇ ವರ್ಷಕ್ಕೆ ಎಲ್ಲ ಬೀಜ ಖಾಲಿ ಮಾಡೋದು ಒಂದೇ ಮಳೆ ಮೇಲೆ ಜೂಜು.

ಗೋಕಟ್ಟೆ
ಯಾವ ಹುಲ್ಲು, ಎಷ್ಟು ಬೀಜ? ಅಂಗಡಿಯಲ್ಲಿ ಅಂಜನ್ ಹುಲ್ಲು, ಸ್ಟೈಲೋ (ದ್ವಿದಳ ಮೇವಿನ ಗಿಡ) ಬಿಟ್ಟರೆ ನೇಪಿಯರ್ ಹುಲ್ಲು ತೋರಿಸ್ತಾರೆ.

ಹಂಚಿಕಡ್ಡಿ
ನೇಪಿಯರ್ ನೀರಾವರಿಯದು, ಇಲ್ಲಿ ಬೇಡ. ನಿಮ್ಮ ಅಸಲಿ ಬೀಜದಂಗಡಿ ಆ ಪಕ್ಕದ ಕಾವಲಿನ ತುಂಡು. ಈ ಸೀಮೆಯ ಕೆಂಪು ಗರಸು ನೆಲಕ್ಕೆ ಒಗ್ಗಿದ್ದು ಸೆಹಿಮಾ ನರ್ವೋಸಮ್, ಕ್ರೈಸೋಪೋಗಾನ್ ಫುಲ್ವಸ್, ಹೆಟೆರೋಪೋಗಾನ್ ಕಂಟಾರ್ಟಸ್. ಕೆಟ್ಟ ನೆಲದಲ್ಲಿ ಮೊದಲು ಕಾಣಿಸಿಕೊಳ್ಳೋದು ಹಂಚಿಕಡ್ಡಿ ಜಾತಿಯ ಅರಿಸ್ಟಿಡಾ. ದನಕ್ಕೆ ರುಚಿಯಿಲ್ಲ, ಆದರೂ ಕೀಳಬೇಡಿ, ಮಣ್ಣು ಹಿಡಿಯೋದು ಅದೇ.

ಅಕ್ಟೋಬರ್ ಕೊನೆಯಿಂದ ನವೆಂಬರ್‌ನಲ್ಲಿ, ತೆನೆ ಬೆರಳಲ್ಲಿ ಉಜ್ಜಿದರೆ ಕಾಳು ಕಳಚುವ ಹಂತದಲ್ಲಿ, ಆ ತುಂಡಿನ ಹುಲ್ಲನ್ನು ಪಟ್ಟೆ ಪಟ್ಟೆಯಾಗಿ ಕುಡುಗೋಲಲ್ಲಿ ಕೊಯ್ಯಿ. ಪೂರ್ತಿ ಕೊಯ್ದರೆ ಅದೂ ಕೆಡುತ್ತೆ, ಮೂರರಲ್ಲಿ ಒಂದು ಪಟ್ಟೆ ಸಾಕು. ಇಲಿ, ಮಳೆ ತಾಗದಂತೆ ಗೋಣಿಚೀಲದಲ್ಲಿ ಮುಂದಿನ ಆಗಸ್ಟ್ ತನಕ ಇಡಿ. ಇದು ಸೋಮಾರಿತನ ಅಲ್ಲ. ಹೆಟೆರೋಪೋಗಾನ್, ಅಂಜನ್ ಎರಡರ ಹೊಸ ಬೀಜಕ್ಕೂ ತಿಂಗಳುಗಟ್ಟಲೆ ನಿದ್ದೆ ಇದೆ, ಕೊಯ್ದ ತಕ್ಷಣ ಬಿತ್ತಿದರೆ ಮೊಳಕೆ ಬರಲ್ಲ. ಕೊಂಡು ತರುವಾಗಲೂ ಹಿಂದಿನ ವರ್ಷದ ಬೀಜವನ್ನೇ ಕೇಳಿ. ಬೀಜ ಸಮೇತ ಆ ಹುಲ್ಲನ್ನೇ ಸೀಳಿದ ಸಾಲಿನ ಮೇಲೆ ಮೂರು ಬೆರಳ ದಪ್ಪ ಹರಡಿ, ಮೇಲೆ ಜಾಲಿ ಮುಳ್ಳು ಹೇರಿ. ಮುಳ್ಳಿಲ್ಲದಿದ್ದರೆ ಗಾಳಿಗೆ ಹುಲ್ಲೆಲ್ಲ ಪಕ್ಕದ ಊರಿಗೆ.

ಪೂರಕವಾಗಿ ಎಕರೆಗೆ ಅಂಜನ್ 2 ಕೆ.ಜಿ., ಸ್ಟೈಲೋ ಹಮಾಟ ಒಂದೂವರೆ ಕೆ.ಜಿ. ಸ್ಟೈಲೋ ಸಿಪ್ಪೆ ಗಟ್ಟಿ. ಮೂರು ಚೊಂಬು ಕುದಿನೀರಿಗೆ ಒಂದು ಚೊಂಬು ತಣ್ಣೀರು ಬೆರೆಸಿದರೆ 80 ಡಿಗ್ರಿ ಆಸುಪಾಸು ಬರುತ್ತೆ. ಅದರಲ್ಲಿ ಬೀಜ ನಾಲ್ಕು ನಿಮಿಷ ಮುಳುಗಿಸಿ ತೆಗೆದು ನೆರಳಲ್ಲಿ ಒಣಗಿಸಿ. ಅಂಜನ್ ಬೀಜ ಅರಳೆ ಥರ ಹಗುರ, ಕೈಯಿಂದ ಎರಚಿದರೆ ಗಾಳಿಪಾಲು, ಒದ್ದೆ ಮರಳಿನಲ್ಲಿ ಕಲಸಿ ಹಾಕಿ. ಆಳ ಒಂದು ಸೆಂ.ಮೀ. ದಾಟಬಾರದು, ಮುಳ್ಳಿನ ಕೊಂಬೆ ಎಳೆದರೆ ಸಾಕು. ಕೂರಿಗೆಯಲ್ಲಿ ಬಿತ್ತಿ ಆಳಕ್ಕೆ ಹೂತು ಹಾಕೋದೇ ಹುಲ್ಲು ಹುಟ್ಟದಿರೋದಕ್ಕೆ ದೊಡ್ಡ ಕಾರಣ.

ಜೊತೆಗೆ ಹುರುಳಿ, ಎಕರೆಗೆ 4 ಕೆ.ಜಿ. ಮಾತ್ರ. ಹುಬ್ಬೆ-ಉತ್ತರೆ ಹುರುಳಿಗೂ ಹದ, ಎಳೆ ಹುಲ್ಲಿಗೆ ಗಾಳಿ ಮರೆ.

ಎರೆನೆಲ
ಇರುವೆ ಕಾಟ ಹೇಳೋಕೆ ಬಿಟ್ಟಿರಿ. ಒಣಬಿತ್ತನೆ ಮಾಡಿ ಹದಿನೈದು ದಿನ ಮಳೆ ಬರದಿದ್ದರೆ ಇರುವೆ ಗೂಡಿನ ಬಾಯಲ್ಲಿ ನಿಮ್ಮ ಬೀಜದ ಹೊಟ್ಟು ಗುಡ್ಡೆ ಬಿದ್ದಿರುತ್ತೆ. ಬಿಡಿ ಬೀಜ ಹಾಕೋ ಕಡೆ ಉಂಡೆ ಕಟ್ಟಿ: ಬೀಜ ಒಂದು ಪಾಲು, ಸಗಣಿ ಒಂದು, ಮರಳು ಒಂದು, ಜಿಗುಟು ಮಣ್ಣು ಮೂರು. ಕಡಲೆಕಾಳಿನ ಗಾತ್ರ ಸಾಕು. ನಿಂಬೆಹಣ್ಣಿನ ಗಾತ್ರ ಮಾಡಿ ಫೋಟೋ ತೆಗೆಸೋದು ಮರದ ಬೀಜದ ಫ್ಯಾಷನ್ನು, ಹುಲ್ಲಿನ ಮೊಳಕೆ ಅಷ್ಟು ದಪ್ಪ ಮಣ್ಣು ಸೀಳಿ ಬರಲ್ಲ.

ಕೆರೆ ಹೂಳು ಹಾಕ್ತೀರಾದರೆ ಇಡೀ ನೆಲಕ್ಕೆ ಬೇಡ. ಎಕರೆಗೆ ಒಂದು ಇಂಚು ಹರಡಿದರೆ 100 ಘನ ಮೀಟರ್, ಮೂವತ್ತಕ್ಕೂ ಹೆಚ್ಚು ಟ್ರೇಲರ್ ಲೋಡು. ಸೀಳಿದ ಸಾಲಿನ ಒಂದಡಿ ಅಗಲದ ಪಟ್ಟಿಗೆ ಮಾತ್ರ ಹಾಕಿದರೆ ಏಳು ಲೋಡು. ಹೂಳಿನ ಜೊತೆ ಜಾಲಿ ಬೀಜ ಬರೋದು ಗ್ಯಾರಂಟಿ, ಮುಂದಿನ ವರ್ಷ ಕೀಳೋಕೆ ಆಳು ಹೊಂದಿಸಿಟ್ಟುಕೊಳ್ಳಿ. ಸಿಂಗಲ್ ಸೂಪರ್ ಫಾಸ್ಫೇಟ್ ಎಕರೆಗೆ ಎರಡು ಚೀಲ, ಅದೂ ಸಾಲಿಗೇ. ಯೂರಿಯಾ ಬೇಡವೇ ಬೇಡ, ಹುಲ್ಲಿಗಿಂತ ಮೊದಲು ಕಾಂಗ್ರೆಸ್ ಗಿಡ ಎದೆಮಟ್ಟ ಬರುತ್ತೆ.

ಚೌಳಿನ ಗುಮಾನಿ ಇದ್ದರೆ ಒಂದು ಹೆಂಟೆಯನ್ನು ಮಳೆನೀರಿನ ಲೋಟಕ್ಕೆ ಬಿಡಿ. ಕಲಕದೆ ಬಿಟ್ಟರೂ ಮಾರನೇ ದಿನದ ತನಕ ನೀರು ರಾಡಿಯಾಗೇ ಇದ್ದರೆ ಜಿಪ್ಸಮ್ ಮಾತಾಡೋಣ. ತಿಳಿಯಾದರೆ ಮುಂದೆ ಹೋಗಿ.

ಮಂದೆಗಾರ
ಎಲ್ಲರೂ ಬೀಜದ ಮಾತೇ ಆಡ್ತಿದ್ದೀರಿ. 12 ಎಕರೆ ಮೇಲೆ ಬಾಯಿ ಎಷ್ಟು? ಅದನ್ನು ಇತ್ಯರ್ಥ ಮಾಡದೆ ಹಾಕಿದ ಬೀಜ ಕುರಿಗೆ ಒಂದು ಹೊತ್ತಿನ ಮೇವು.

ಲೆಕ್ಕ ಹೀಗೆ. 30 ಕೆ.ಜಿ. ತೂಕದ ಕುರಿಗೆ ದಿನಕ್ಕೆ ಸುಮಾರು 1 ಕೆ.ಜಿ. ಒಣಮೇವು. ಚೆನ್ನಾಗಿ ಹಿಡಿದ ಹುಲ್ಲುಗಾವಲು ಹೆಕ್ಟೇರಿಗೆ 2 ಟನ್ ಕೊಟ್ಟರೆ 12 ಎಕರೆಗೆ ಹತ್ತಿರಹತ್ತಿರ 10 ಟನ್. ಅರ್ಧ ತಿನ್ನಿಸಿ ಅರ್ಧ ಬಿಡಬೇಕು, ಅಂದರೆ 5,000 ಕೆ.ಜಿ. 200 ಕುರಿಯ ಒಂದು ಮಂದೆಗೆ 25 ದಿನ. ಅಷ್ಟೇ. ಸಾವಿರ ಕುರಿಗೆ 5 ದಿನ. ಇದನ್ನು ಕಟ್ಟೆ ಮೇಲೆ ಕೂತು ಎಲ್ಲರ ಎದುರು ಲೆಕ್ಕ ಹಾಕಿ ತೋರಿಸಿ. 'ಹುಲ್ಲು ಬಂದರೆ ಎಲ್ಲರಿಗೂ ಆಗುತ್ತೆ' ಅಂತ ಮಾತು ಕೊಡಬೇಡಿ.

12 ಎಕರೆಯನ್ನೂ ಮೇಯಿಸದಂತೆ ಒಂದೇ ಸಲ ಮುಚ್ಚಿದರೆ ರಾತ್ರಿ ಬೇಲಿ ಕಿತ್ತುಹೋಗುತ್ತೆ, ಅದರಲ್ಲಿ ಆಶ್ಚರ್ಯವಿಲ್ಲ. 6 ಎಕರೆ ಎರಡು ಮಳೆಗಾಲ ಮುಚ್ಚಿ, ಗೋಕಟ್ಟೆಗೆ ಹೋಗುವ ದಾರಿ 10 ಮೀಟರ್ ಅಗಲ ಬಿಡಿ. ಮುಚ್ಚಿದ ಕಡೆ ಹುಲ್ಲನ್ನು ಎರಡನೇ ವರ್ಷ ಕೊಯ್ದು ಹೊರೆ ಲೆಕ್ಕದಲ್ಲಿ ಹಂಚಿ, ಮಂದೆ ಬಿಡೋದು ಮೂರನೇ ವರ್ಷ.

ಇನ್ನೊಂದು. ಹೆಟೆರೋಪೋಗಾನ್ ಹೆಸರು ಎತ್ತಿದರೆ ಕುರಿಯವರು ಮುಖ ಸಿಂಡರಿಸ್ತಾರೆ, ಕಾರಣವಿದೆ. ಅದರ ಬೀಜದ ಮೂತಿ ಸೂಜಿ, ಹಿಂದೆ ತಿರುಚಿಕೊಂಡ ಬಾಲ. ತೇವ ತಾಗಿದಾಗ ಬಾಲ ಬಿಚ್ಚಿಕೊಳ್ಳುತ್ತೆ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತೆ, ಆ ತಿರುವಿಗೇ ಬೀಜ ನೆಲ ಕೊರೆದು ಇಳಿಯೋದು. ಉಣ್ಣೆ ಸಿಕ್ಕರೆ ಚರ್ಮವನ್ನೂ ಹಾಗೇ ಕೊರೆಯುತ್ತೆ, ಬಾಯಿ, ಕಣ್ಣಿಗೂ ಚುಚ್ಚುತ್ತೆ. ಅದು ಜಾಸ್ತಿ ಇರುವ ಪಟ್ಟೆಯನ್ನು ಹೂ ಬರುವ ಮುಂಚೆ ಮೇಯಿಸಿ, ಇಲ್ಲ ದನಕ್ಕೆ ಕೊಯ್ದು ಹಾಕಿ. ಮಾಗಿದ ಮೇಲೆ ಕುರಿ ಬಿಡಬೇಡಿ.

ಗೊಬ್ಬರಕ್ಕೆ ಮಂದೆ ತರುಬಿಸಿ (ರಾತ್ರಿ ಅಲ್ಲೇ ಕೂಡಿಹಾಕಿಸಿ). ಕುರಿಗೆ ಒಂದೂವರೆ ಚದರ ಮೀಟರ್ ಹಿಡಿದರೆ 200 ಕುರಿ ರಾತ್ರಿಗೆ 300 ಚದರ ಮೀಟರ್, ಎಕರೆಗೆ 13-14 ರಾತ್ರಿ. ಬಿತ್ತನೆಗೆ ಮುಂಚೆ, ಆಗಸ್ಟ್‌ನಲ್ಲಿ.

ಜಾಲಿಬುಡ
ಆಗಸ್ಟ್ ಅಂದಿದ್ದು ಸರಿ, ಕಾರಣ ಸೇರಿಸ್ತೀನಿ. ಬೇಸಿಗೆಯಲ್ಲಿ ಬಳ್ಳಾರಿ ಜಾಲಿ ಕಾಯಿ ಉದುರುವಾಗ ಮಂದೆ ತರುಬಿದರೆ ಗೊಬ್ಬರದ ಜೊತೆ ಜಾಲಿ ತೋಟವನ್ನೇ ಬಿತ್ತಿದ ಹಾಗೆ. ಹೊಟ್ಟೆಯಲ್ಲಿ ಹಾಯ್ದು ಬಂದ ಬೀಜ ಚೆನ್ನಾಗಿ ಮೊಳೆಯುತ್ತೆ. ದನದ ಹೊಟ್ಟೆಯಿಂದ ಬರೋದು ಕುರಿಯದಕ್ಕಿಂತ ಹೆಚ್ಚು, ಏಕೆಂದರೆ ಕುರಿ ಬೀಜವನ್ನು ಜಾಸ್ತಿ ಅಗಿಯುತ್ತೆ. ಕಾಯಿ ತಿಂದ ಮಂದೆಯನ್ನು ಒಂದು ವಾರ ಬೇರೆ ಕಡೆ ತರುಬಿ ಆಮೇಲೆ ಒಳಗೆ ಬಿಡಿ.

ಜಾಲಿ ಕಡಿಯುವವರು ನೆಲಮಟ್ಟಕ್ಕೆ ಕಡಿದು ಬಿಲ್ ಮಾಡ್ತಾರೆ. ಒಂದು ಕಾಂಡ ಇದ್ದ ಕಡೆ ಆರು ತಿಂಗಳಿಗೆ ಹತ್ತು ಕಾಂಡ. ಚಿಗುರುವ ಮೊಗ್ಗು ಇರೋದು ಬುಡದ ಗಂಟಿನಲ್ಲಿ, ನೆಲದಿಂದ ಕೆಳಗೆ. ಸುತ್ತ ಮಣ್ಣು ಬಿಡಿಸಿ 20-30 ಸೆಂ.ಮೀ. ಕೆಳಗೆ ಬೇರು ಕಡಿದು ಗಂಟನ್ನೇ ಎತ್ತಬೇಕು. ಕೂಲಿ ಮರದ ಲೆಕ್ಕಕ್ಕೆ ಬೇಡ, ಎತ್ತಿಟ್ಟ ಗಂಟಿನ ಲೆಕ್ಕಕ್ಕೆ ಕೊಡಿ. ಗುಂಡಿ ತಕ್ಷಣ ತುಂಬಿ ಅಲ್ಲೇ ಒಂದು ಹಿಡಿ ಬೀಜ ಹಾಕಿ, ಬರೀ ನೆಲ ಬಿಟ್ಟರೆ ಮತ್ತೆ ಜಾಲಿಯೇ ಬರೋದು. ಬೆರಳುದ್ದದ ಸಸಿಗಳನ್ನು ಮಳೆ ಬಂದ ಎರಡು ದಿನಕ್ಕೆ ಕೈಯಲ್ಲೇ ಕೀಳಬಹುದು, ಒಂದು ವರ್ಷ ಬಿಟ್ಟರೆ ಗುದ್ದಲಿ ಬೇಕು.

ಎಲ್ಲಾ ಜಾಲಿ ಒಂದೇ ಸಲ ತೆಗೆಸಬೇಡಿ. ಊರಿಗೆ ಸೌದೆ ಅದೇ. ಇದ್ದಿಲು ಸುಡುವವರಿಗೂ ಅದೇ. ಮುಚ್ಚುವ 6 ಎಕರೆಯಿಂದ ಶುರು ಮಾಡಿ, ಮುಳ್ಳು ಬೇಲಿಗೆ ಬರುತ್ತೆ. ಕಾಯಿ ಹೊತ್ತ ಕೊಂಬೆ ಮಾತ್ರ ಬೇಲಿಗೆ ಹಾಕಬೇಡಿ.

ಹೊಳಲ್ಕೆರೆ_ಬೆಟ್ಟ
ಇದೇ ಕ್ರಮ ಕಬ್ಬಿಣದ ಅದಿರಿನ ತ್ಯಾಜ್ಯ ಗುಡ್ಡೆಗೆ ನಡೆಯುತ್ತಾ? ಭೀಮಸಮುದ್ರ, ಹೊಳಲ್ಕೆರೆ ಕಡೆ ಅದೇ ದೊಡ್ಡ ತಲೆನೋವು.

ಎರೆನೆಲ
ಅಲ್ಲಿ ಸೀಳೋದಲ್ಲ, ಮೊದಲು ಗುಡ್ಡೆ ನಿಲ್ಲಬೇಕು. ಸುರಿದ ಮಣ್ಣು ತಾನಾಗಿ ನಿಲ್ಲುವ ಇಳಿಜಾರು ಹುಲ್ಲಿಗೆ ತುಂಬಾ ಕಡಿದು. ಒಂದಕ್ಕೆ ಎರಡು, ಸಾಧ್ಯವಾದರೆ ಎರಡೂವರೆಗೆ ಇಳಿಸಿ, ನಡುನಡುವೆ ಒಳವಾಲಿನ ಮೆಟ್ಟಿಲು ಕಟ್ಟಿ, ಬುಡಕ್ಕೆ ಕಲ್ಲಿನ ತಡೆಗೋಡೆ, ಸುತ್ತ ಚರಂಡಿ, ಕೊನೆಗೆ ಹೂಳು ನಿಲ್ಲುವ ಗುಂಡಿ. ಆ ಗುಂಡಿ ಪ್ರತಿ ಮಳೆಗಾಲಕ್ಕೆ ಮುಂಚೆ ಖಾಲಿ ಮಾಡದಿದ್ದರೆ ಕೆಂಪು ರಾಡಿ ಸೀದಾ ಕೆಳಗಿನ ಅಡಿಕೆ ತೋಟಕ್ಕೆ.

ಇಳಿಜಾರಿಗೆ ತೆಂಗಿನ ನಾರಿನ ಜಾಲ. ಮೇಲ್ತುದಿಯನ್ನು ಒಂದಡಿ ಆಳದ ಕಾಲುವೆಯಲ್ಲಿ ಹೂತು ಕೆಳಗೆ ಬಿಡಿ. ಮೇಲಿನ ಸುರುಳಿ ಕೆಳಗಿನದರ ಮೇಲೆ ಬರುವಂತೆ 15 ಸೆಂ.ಮೀ. ಹೊದಿಕೆ, ಚದರ ಮೀಟರಿಗೆ ಒಂದು ಗೂಟವಾದರೂ ಬೇಕು. ಜಾಲ ನೆಲಕ್ಕೆ ಅಂಟಿರಬೇಕು. ಅಡಿಯಲ್ಲಿ ಕಲ್ಲು ಎದ್ದು ಡೇರೆಯಂತೆ ನಿಂತರೆ ನೀರು ಕೆಳಗೇ ನುಗ್ಗಿ ಮಣ್ಣು ಕೊಚ್ಚುತ್ತೆ, ಮೇಲಿಂದ ನೋಡೋರಿಗೆ ಗೊತ್ತೂ ಆಗಲ್ಲ. ಆ ಮಣ್ಣಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ, ಹಾಕಿದ ರಂಜಕವನ್ನು ಕಬ್ಬಿಣದ ಆಕ್ಸೈಡ್ ಕಟ್ಟಿಹಾಕಿಕೊಳ್ಳುತ್ತೆ. ಹಾಗಾಗಿ ಎರಚೋದು ವ್ಯರ್ಥ, ಬುಡದ ಹತ್ತಿರ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಕೊಡಿ.

ಮಳೆಲೆಕ್ಕ
ಕಾಗದದ ಬಲವೂ ಇದೆ. ಚಿತ್ರದುರ್ಗ, ತುಮಕೂರಿನ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ನಿಲ್ಲಿಸಿತ್ತು. 2013ರ ಏಪ್ರಿಲ್ 18ರ ತೀರ್ಪಿನ ನಂತರ ಪುನಶ್ಚೇತನ ಯೋಜನೆಯ ಷರತ್ತಿನ ಮೇಲೆ ಹಲವು ಗಣಿಗಳು ತೆರೆದವು. 2020ರ ಜನವರಿ 8ರಂದು ಅದೇ ಕೋರ್ಟು ಇನ್ನೂ ನೇರವಾಗಿ ಹೇಳಿದೆ: ಗಣಿ ಮುಗಿದ ಜಾಗದಲ್ಲಿ ಗುತ್ತಿಗೆದಾರರೇ ಮತ್ತೆ ಹುಲ್ಲು ಬೆಳೆಸಿ, ಮೇವು, ಗಿಡ, ಪ್ರಾಣಿಗಳಿಗೆ ತಕ್ಕ ಸ್ಥಿತಿಗೆ ತರಬೇಕು ಅಂತ ಗುತ್ತಿಗೆಯಲ್ಲೇ ಷರತ್ತು ಹಾಕಿ ಎಂದು. ಕೋರ್ಟು ಹೇಳಿದ್ದು ಹುಲ್ಲು. ಅಕೇಶಿಯಾ ಸಾಲು ನೆಟ್ಟು 'ಹಸಿರಾಯ್ತು' ಅಂತ ವರದಿ ಕೊಟ್ಟರೆ ಇದನ್ನು ಮುಂದಿಟ್ಟು ಕೇಳಿ.

ಗೋಕಟ್ಟೆ
ಸಸಿ ನೆಡೋಣ ಅನ್ನೋರಿಗೆ ಏನು ಹೇಳೋದು? ನೆರಳಾದರೂ ಬೇಡವೇ ಅಂತಾರೆ.

ಹಂಚಿಕಡ್ಡಿ
ನೆರಳು ಗೋಕಟ್ಟೆ ಏರಿ ಮೇಲೆ, ದನ ಮಲಗುವ ಕಡೆ. ಬಿಳಿಜಾಲಿ, ಬೇವು, ಹೊಂಗೆ, ಎಲ್ಲ ಸೇರಿ ಹದಿನೈದು ಇಪ್ಪತ್ತು ಮರ. ನಡುಬಯಲಿಗೆ ಬೇಡ. ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳು ಅರಸರ ಕಾಲದಿಂದ ದನಕ್ಕೆಂದೇ ಬಿಟ್ಟ ಬಯಲು, ಕಡಿದುಹೋದ ಕಾಡಲ್ಲ. ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್), ಕೃಷ್ಣಮೃಗ ಬಾಳಿದ್ದೂ ಆ ಬಯಲಲ್ಲೇ. 500 ಮಿ.ಮೀ. ದಾಟದ ಮಳೆಯಲ್ಲಿ ಒತ್ತಾಗಿ ಮರ ನೆಟ್ಟರೆ ಹುಲ್ಲಿಗೆ ಬಿಸಿಲೂ ಇಲ್ಲ, ನೀರೂ ಇಲ್ಲ. ಇನ್ನೊಂದು ಮಾತು, ಗೋಮಾಳ ಸರ್ಕಾರಿ ಜಮೀನು. ಬೇಲಿ, ಗೋಕಟ್ಟೆ ಎರಡಕ್ಕೂ ತಹಶೀಲ್ದಾರ್ ಕಚೇರಿಯಿಂದ ಬರಹದಲ್ಲಿ ಒಪ್ಪಿಗೆ ತಗೊಂಡೇ ಗುದ್ದಲಿ ಹಾಕಿ. 100 ದನಕ್ಕೆ 30 ಎಕರೆ ಗೋಮಾಳ ಇರಬೇಕು ಅನ್ನೋ ಕಂದಾಯ ನಿಯಮವನ್ನೂ ಆ ಅರ್ಜಿಯಲ್ಲೇ ನೆನಪಿಸಿ, ಮುಂದಿನ ಗರಸಿನ ಅರ್ಜಿಗೆ ಅದು ಅಡ್ಡ ಬರುತ್ತೆ.

ಗೋಕಟ್ಟೆ
ಕೊನೇ ಎರಡು ಪ್ರಶ್ನೆ. ತಂತಿ ಬೇಲಿಗೆ ದುಡ್ಡಿಲ್ಲ. ಮತ್ತೆ ಹುಲ್ಲು 'ಹಿಡಿದಿದೆ' ಅಂತ ಯಾವಾಗ ಹೇಳಬಹುದು?

ಜಾಲಿಬುಡ
ಈ ವರ್ಷಕ್ಕೆ ಜಾಲಿ ಮುಳ್ಳಿನ ಒಣಬೇಲಿ, ಅದರ ಒಳಗೆ ಕತ್ತಾಳೆ. ಇಡೀ 12 ಎಕರೆಯ ಸುತ್ತಳತೆ ಚೌಕಾಕಾರವಾದರೆ 880 ಮೀಟರ್. ಅರ್ಧ ಮೀಟರಿಗೆ ಒಂದರಂತೆ ಎರಡು ಸಾಲಿಗೆ 3,500 ಮರಿ, 6 ಎಕರೆಗೆ ಸುಮಾರು 2,500. ಸಾಲುಗಳು ಒಂದಕ್ಕೊಂದು ಸಂದಿಗೆ ಬರಲಿ. ಒಣಮುಳ್ಳು ಗೆದ್ದಲಿಗೆ ಹೋಗೋದು ಎರಡು ವರ್ಷಕ್ಕೆ, ಕತ್ತಾಳೆ ಕುರಿ ತಡೆಯೋದು ಮೂರನೇ ವರ್ಷಕ್ಕೆ. ನಡುವಿನ ಆ ಒಂದು ವರ್ಷಕ್ಕೆ ಮುಳ್ಳು ಮತ್ತೆ ಹೇರಬೇಕು. ಬೇಲಿ ಸೋಲೋದು ಸಾಮಾನ್ಯವಾಗಿ ಆಗಲೇ.

ಎರೆನೆಲ
ಪಿವಿಸಿ ಪೈಪಿನಲ್ಲಿ ಒಂದು ಮೀಟರ್ ಚೌಕಟ್ಟು ಮಾಡಿ. ನವೆಂಬರ್‌ನಲ್ಲಿ ಬೆನ್ನು ಹಾಕಿ ನಿಂತು ಎಸೆಯಿರಿ, ಎಕರೆಗೆ ಐದು ಸಲ. ಒಳಗೆ ಬೇರುಬಿಟ್ಟ ಬಹುವಾರ್ಷಿಕ ಹುಲ್ಲಿನ ಬುಡ ಎಷ್ಟು ಅಂತ ಎಣಿಸಿ. ಹಸಿರು ಕಂಡದ್ದೆಲ್ಲ ಲೆಕ್ಕಕ್ಕಿಲ್ಲ. ಬುಡ ಹಿಡಿದು ಎಳೆದಾಗ ಕಿತ್ತು ಬಂದರೆ ಅದೂ ಇಲ್ಲ. ಸರಾಸರಿ ಎರಡಕ್ಕಿಂತ ಕಡಿಮೆ ಇದ್ದ ಕಡೆ ಉಳಿಸಿದ ಅರ್ಧ ಬೀಜ ಹಾಕಿ, ಇಲ್ಲ ಒಳ್ಳೆ ಪಟ್ಟೆಯ ಬುಡ ಸೀಳಿ ಅರ್ಧ ಮೀಟರಿಗೊಂದು ನೆಡಿ, ಎಕರೆಗೆ 16,000 ಬುಡ ಬೇಕಾಗುತ್ತೆ. ನಾಲ್ಕು ದಾಟಿದ ಕಡೆ ಕುಡುಗೋಲು ಇಳಿಸಬಹುದು, ನೆಲದಿಂದ 10 ಸೆಂ.ಮೀ. ಬಿಟ್ಟು. ಪೈಪಿನ ಪರೀಕ್ಷೆಯನ್ನೂ ಅದೇ ಗುರುತಿನ ಜಾಗದಲ್ಲಿ ವರ್ಷಕ್ಕೊಮ್ಮೆ ಮಾಡಿ, ನಿಮಿಷ ಬರೆದಿಡಿ. ಹುಲ್ಲು ಹೆಚ್ಚಾಗಿಯೂ ಆ ನಿಮಿಷ ಇಳಿಯದಿದ್ದರೆ ಮಂದೆ ಬೇಗ ಒಳಗೆ ಬಂದಿದೆ ಅಂತಲೇ ಅರ್ಥ.